ಹೊಟ್ಟಿನ ಕಿಚ್ಚು

ಬಾಯ್ಲರ್ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕೊಟ್ಟೂರಿನಲ್ಲಿ ಈ ಕೆಲಸ ಮಾಡಿ ನಿವೃತ್ತನಾದವನು ನಾನೊಬ್ಬನೇ ಅಂತಲ್ಲ, ಕೂತು ಮಾತಾಡಲು ಪುರುಸೊತ್ತು ಇರುವವನು ನಾನೊಬ್ಬನೇ. ಪರೀಕ್ಷೆಗೆ ಏನು ಓದಬೇಕು, ಸರ್ಟಿಫಿಕೇಟಿಗೆ ಯಾರನ್ನು ಕಾಣಬೇಕು ಅಂತ ಕೇಳುತ್ತಾರೆ. ಅದನ್ನೆಲ್ಲ ಹೇಳುವವರು ಬೇರೆ ಇದ್ದಾರೆ. ಒಲೆಯ ಮುಂದೆ ಇಪ್ಪತ್ತು ವರ್ಷ ನಿಂತವನಿಗೆ ಉರಿ ಎಂದರೇನು ಅಂತ ಗೊತ್ತಿರುತ್ತದೆ. ನನಗೆ ಹೊರಗಿನ ಉರಿಯೂ ಗೊತ್ತು, ಒಳಗಿನ ಉರಿಯೂ ಗೊತ್ತು. ಪುಸ್ತಕದಲ್ಲಿ ಇರುವುದು ಹೊರಗಿನದು ಮಾತ್ರ, ಹಾಗಾಗಿ ಒಳಗಿನದನ್ನು ನಾನು ಬರೆಯುತ್ತಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ.

ನಮ್ಮದು ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ ಇದ್ದ ಸಣ್ಣ ವಿದ್ಯುತ್ ಘಟಕ. ಕಲ್ಲಿದ್ದಲು ಇಲ್ಲ, ಎಣ್ಣೆ ಇಲ್ಲ. ಹೊಲದಲ್ಲಿ ಉಳಿದದ್ದನ್ನು ಸುಟ್ಟು, ನೀರನ್ನು ಹಬೆ ಮಾಡಿ, ಆ ಹಬೆಯಿಂದ ಟರ್ಬೈನ್ ತಿರುಗಿಸಿ ಕರೆಂಟ್ ತೆಗೆಯುವುದು. ಹರಪನಹಳ್ಳಿ ಕಡೆಯಿಂದ ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಬರುತ್ತಿತ್ತು, ಕೂಡ್ಲಿಗಿ ಕಡೆಯಿಂದ ಶೇಂಗಾ ಹೊಟ್ಟು. ಸುಗ್ಗಿ ಮುಗಿದು ಎರಡೂ ಕಡಿಮೆಯಾದರೆ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಬೆಳೆದ ಬಳ್ಳಾರಿ ಜಾಲಿಯನ್ನು ಕಡಿದು ತಂದು ಚೂರು ಮಾಡಿ ಹಾಕುತ್ತಿದ್ದೆವು. ಜನ ನಮಗೆ ಹೊಟ್ಟಿನ ಫ್ಯಾಕ್ಟರಿಯವರು ಅನ್ನುತ್ತಿದ್ದರು. ನಮ್ಮ ಹೊಟ್ಟಿನಿಂದ ಅವರ ಮನೆಯ ಫ್ಯಾನು ತಿರುಗುತ್ತದೆ ಅಂತ ಹೇಳಿದರೆ ನಗುತ್ತಿದ್ದರು.

ಮೊದಲು ನನಗೆ ಹೊಟ್ಟೆಕಿಚ್ಚು ಹತ್ತಿದ್ದು ಟರ್ಬೈನ್ ಕೋಣೆಯವರ ಮೇಲೆ. ಅವರಿಗೆ ಏಸಿ, ಅವರ ಅಂಗಿಯ ಇಸ್ತ್ರಿ ಸಂಜೆವರೆಗೂ ಕೆಡುತ್ತಿರಲಿಲ್ಲ. ಘಟಕ ನೋಡಲು ದೊಡ್ಡವರು ಬಂದರೆ ನೇರ ಅಲ್ಲಿಗೇ ಕರೆದೊಯ್ಯುತ್ತಿದ್ದರು. ಕೊನೆಗೆ ಒಂದು ಗಳಿಗೆ ಬಾಯ್ಲರ್ ಕಡೆ ಬಂದರೆ ಮೂಗಿಗೆ ಕರವಸ್ತ್ರ. ಹಬೆ ಕೊಡುವವನು ನಾನು, ಹೆಸರು ಅವರಿಗೆ. ಆದರೆ ಇದು ಎಲ್ಲ ಘಟಕಗಳಲ್ಲೂ ಇರುವ ಕಿಚ್ಚು, ಇದರಿಂದ ಯಾರಿಗೂ ಕೇಡಾಗುವುದಿಲ್ಲ.

ನನಗೆ ಕೆಲಸ ಕಲಿಸಿದವರು ಇಬ್ರಾಹಿಂ ಸಾಬರು, ನಮ್ಮ ಫೋರ್‌ಮನ್. ಹಬೆಯ ಒತ್ತಡ ತೋರಿಸುವ ಮುಳ್ಳನ್ನು ನೋಡುವ ಮೊದಲೇ ಒಲೆಯ ಸದ್ದು ಕೇಳಿ "ಇಳಿಯಾಕತ್ತೈತಿ" ಅನ್ನುತ್ತಿದ್ದರು. ಸೇರಿದ ಎರಡನೇ ತಿಂಗಳಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಒಂದು ಲಾರಿ ಶೇಂಗಾ ಹೊಟ್ಟು ಬಂತು. ಮುಟ್ಟಿ ನೋಡಿದೆ, ಗರಿಗರಿ ಒಣಗಿತ್ತು. ಖುಷಿಯಿಂದ ಒಲೆಗೆ ಮಾಲು ಸಾಗಿಸುವ ಬೆಲ್ಟಿಗೆ ಹಾಕಿಸಿದೆ. ಅದರ ತುಂಬ ಕೆಂಪು ಮಣ್ಣಿತ್ತು. ಮಣ್ಣು ಒಲೆಯೊಳಗೆ ಕರಗಿ, ಗಟ್ಟಿಯಾಗಿ, ಕಿಟ್ಟ ಕಟ್ಟಿ ಗಾಳಿಯ ದಾರಿಯನ್ನೇ ಮುಚ್ಚಿತು. ಘಟಕ ನಿಲ್ಲಿಸಿ, ಒಲೆ ತಣಿಸಿ, ಎರಡು ದಿನ ಹಾರೆ ಹಿಡಿದು ಕಿಟ್ಟ ಒಡೆದೆವು. ಇಬ್ರಾಹಿಂ ಸಾಬರು ಬೈಯಲಿಲ್ಲ. "ಒಣಗೇತಿ ಅಂತ ಹಾಕಿದಿ. ಮಣ್ಣೂ ಒಣಗೇ ಇತ್ತಲ್ಲಪಾ" ಅಂದರು, ಅಷ್ಟೇ.

ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಹಟ. ಅಂಗಳಕ್ಕೆ ಬಂದ ಮಾಲು ಒಲೆಗೆ ಹೋಗಬಹುದೋ ಇಲ್ಲವೋ ಅನ್ನುವ ಕೊನೆಯ ಮಾತು ನನ್ನದಾಗಬೇಕು. ಇಬ್ರಾಹಿಂ ಸಾಬರು ನಿವೃತ್ತರಾದಾಗ ನಾನು ಶಿಫ್ಟ್ ಇನ್‌ಚಾರ್ಜ್ ಆದೆ. ತೇವ ಅಳೆಯುವ ಸಣ್ಣ ಯಂತ್ರವನ್ನು ತರಿಸಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಲಾರಿಯವರು ನನ್ನನ್ನು ಕಂಡರೆ ಬೀಡಿ ಬಿಸಾಕುತ್ತಿದ್ದರು. ಒಂದೂವರೆ ವರ್ಷ ಹೀಗೆ ಮೆರೆದೆ.

ಆಮೇಲೆ ಮೈಲಮ್ಮ ಬಂದಳು. ಹಿರೇಹಡಗಲಿ ತವರು, ತಂಬ್ರಹಳ್ಳಿಗೆ ಕೊಟ್ಟವಳು. ಗುತ್ತಿಗೆದಾರನ ಕಡೆಯಿಂದ ಅಂಗಳದಲ್ಲಿ ಹೊಟ್ಟು ಹರವಲು ಬಂದ ಹನ್ನೆರಡು ಹೆಂಗಸರಲ್ಲಿ ಒಬ್ಬಳು, ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಕಣದಲ್ಲಿ, ಮೇವಿನ ಬಣವೆಯ ಮೇಲೆ ದುಡಿದು ಬಂದವಳಾದ್ದರಿಂದ ರಾಶಿಯ ಒಳಗೆ ಏನಾಗುತ್ತಿದೆ ಅಂತ ಅವಳಿಗೆ ಗೊತ್ತಾಗುತ್ತಿತ್ತು. ಒಕ್ಕಲುತನ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ಒಳಗೆ ಹಸಿ ಉಳಿದ ಹೊಟ್ಟನ್ನು ಎತ್ತರಕ್ಕೆ ಒಟ್ಟಿದರೆ ಅದು ತನ್ನಷ್ಟಕ್ಕೆ ತಾನೇ ಬಿಸಿಯಾಗುತ್ತ ಹೋಗುತ್ತದೆ. ಯಾರೂ ಕಡ್ಡಿ ಗೀರಬೇಕಿಲ್ಲ. ಒಂದು ದಿನ ತಾನೇ ಹೊತ್ತಿಕೊಳ್ಳುತ್ತದೆ. ಮೈಲಮ್ಮ ರಾಶಿಯೊಳಗೆ ಮೊಳಕೈವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿ, "ಇದು ಇನ್ನ ನಾಕು ದಿನಕ್ಕ ಕಾಯ್ತೈತಿ" ಅನ್ನುತ್ತಿದ್ದಳು. ಉದ್ದನೆಯ ಕಬ್ಬಿಣದ ಸಲಾಕೆಯನ್ನು ಬಣವೆಯ ಹೊಟ್ಟೆಗೆ ಚುಚ್ಚಿಟ್ಟು, ಊಟ ಮಾಡಿ ಬಂದು, ಹೊರಗೆಳೆದು ಮಣಿಕಟ್ಟಿಗೆ ತಾಗಿಸಿ ನೋಡುತ್ತಿದ್ದಳು.

ಆಗಿನ ಮ್ಯಾನೇಜರ್ ಪ್ರಭಾಕರ ಸಾಹೇಬರು ಕರಾವಳಿ ಕಡೆಯವರು, ಪುಸ್ತಕದಲ್ಲಿ ಬರೆದ ಹಾಗೆ ಕನ್ನಡ ಮಾತಾಡುವವರು. ಒಂದು ದಿನ ಅವರ ಎದುರಿಗೇ ಒಂದು ಲಾರಿ ಬೆಂಡಿಗೆ ನನ್ನ ಯಂತ್ರ ಚುಚ್ಚಿ ಒಣಗಿದೆ ಅಂದೆ. ಪಕ್ಕದಲ್ಲಿ ನಿಂತ ಮೈಲಮ್ಮ ಒಂದು ಬೆಂಡನ್ನು ಕಿವಿಯ ಹತ್ತಿರ ಹಿಡಿದು ಮುರಿದು ಸದ್ದು ಕೇಳಿ, ಲೋಡಿಗೆ ಮೂಗು ಹಚ್ಚಿ, ಮೇಲಿನದು ಒಣಗಿದೆ, ತೂಕ ಹೆಚ್ಚಲು ನಡುವಿನದಕ್ಕೆ ನೀರು ಹೊಡೆದಿದ್ದಾರೆ, ವಾಸನೆ ಬರುತ್ತಿದೆ ಅಂದಳು. ಲಾರಿ ಸುರಿಸಿದರು. ನಡುವಿನ ಬೆಂಡು ತೊಯ್ದು ಹಬೆಯಾಡುತ್ತಿತ್ತು. ಸಾಹೇಬರು ಬಾಯ್ತುಂಬ ನಕ್ಕರು. "ಮೈಲಮ್ಮನವರೇ, ಇನ್ನು ಮುಂದೆ ನೀವು ನೋಡದೆ ಒಂದು ಲಾರಿಯೂ ಒಳಗೆ ಬರಬಾರದು" ಅಂದರು.

ಮೈಲಮ್ಮನವರೇ ಅಂತೆ. ನನ್ನನ್ನು ಅವರು ಮೊದಲ ದಿನದಿಂದ ಕರೆದದ್ದು "ಕೊಟ್ರೇಶ್" ಅಂತ. ಸರ್ಟಿಫಿಕೇಟ್ ಇದ್ದವನು ನಾನು, ಕೈ ಸುಟ್ಟುಕೊಂಡವನು ನಾನು, ಮುಳ್ಳು ಎಲ್ಲಿಗೆ ಬಂದಿದೆ ಅಂತ ಓದಲು ಬಾರದವಳಿಗೆ ಅವರೇ ಇವರೇ. ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು. ವಾರದೊಳಗೆ ಅಂಗಳದ ಬೇವಿನ ಮರದ ಕೆಳಗೆ ಅವಳಿಗೊಂದು ಪ್ಲಾಸ್ಟಿಕ್ ಕುರ್ಚಿ ಬಂತು. ಬಾಯ್ಲರ್ ಮುಂದೆ ಕುರ್ಚಿ ಇಡಬಾರದು ಅಂತ ನಿಯಮ, ಹಾಗಾಗಿ ನಾನು ದಿನವಿಡೀ ನಿಂತೇ ಆ ಕುರ್ಚಿಯನ್ನು ನೋಡುತ್ತಿದ್ದೆ. ಒಮ್ಮೆ ಅವಳು ಊಟಕ್ಕೆ ಹೋದಾಗ ಹೋಗಿ ಅದರಲ್ಲಿ ಕೂತೆ. ಏಳುವಾಗ ಒಂದು ಒದೆ ಕೊಟ್ಟು ಬಂದೆ. ಐವತ್ತು ದಾಟಿದ ಗಂಡಸು ಮಾಡುವ ಕೆಲಸವೇ ಅದು ಅಂತ ಈಗ ಅನ್ನಿಸುತ್ತದೆ, ಆಗ ಬಹಳ ಸಮಾಧಾನವಾಗಿತ್ತು.

ಮನೆಯಲ್ಲೂ ನನ್ನ ಬಾಯಲ್ಲಿ ಅವಳದೇ ಮಾತು. ಅವಳು ಇವತ್ತು ಹೀಗೆ ಅಂದಳು, ಸಾಹೇಬರು ಅವಳಿಗೆ ಹಾಗೆ ಅಂದರು, ನೋಡಲು ಬಂದವರ ಜೊತೆ ಅವಳದೇ ಫೋಟೋ ತೆಗೆದರು. ನನ್ನ ಹೆಂಡತಿ ರೊಟ್ಟಿ ತಟ್ಟುತ್ತ ಒಂದು ದಿನ, "ಈ ಮನ್ಯಾಗ ನನ್ನ ಹೆಸರಿಗಿಂತ ಆಕೀ ಹೆಸರ ಜಾಸ್ತಿ ಬರಾಕತ್ತೈತಿ ನೋಡ್ರಿ" ಅಂದಳು. ನಾನು ತಟ್ಟೆ ಸರಿಸಿ ಎದ್ದುಹೋದೆ. ಮೈಲಮ್ಮ ಮಾತ್ರ ನನ್ನ ಜೊತೆ ನೆಟ್ಟಗೇ ಇದ್ದಳು. ಕೊಟ್ರೇಶಣ್ಣಾ ಅಂತಲೇ ಕರೆಯುತ್ತಿದ್ದಳು, ಯಾವ ಬಣವೆ ಮೊದಲು ಸುಡಬೇಕು ಅಂತ ಬೆಳಿಗ್ಗೆ ಬಂದು ಹೇಳಿ ಹೋಗುತ್ತಿದ್ದಳು. ಅವಳು ಸ್ವಲ್ಪ ಸೊಕ್ಕು ತೋರಿಸಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಈಗ ಅವಳ ಒಂದು ಮಾತಿನ ವಿಷಯ. ನಮ್ಮ ಕಡೆಯ ಹಳೆಯ ಹೆಂಗಸರು ದೀಪ ಆರಿಸು ಅನ್ನುವುದಿಲ್ಲ, ದೀಪ ದೊಡ್ಡದು ಮಾಡು ಅನ್ನುತ್ತಾರೆ. ಬಳೆ ಒಡೆಯಿತು ಅನ್ನುವುದಿಲ್ಲ, ಹೆಚ್ಚಿತು ಅನ್ನುತ್ತಾರೆ. ಕೆಟ್ಟದ್ದು ಬಾಯಿಂದ ಬರಬಾರದು ಅಂತ. ಮೈಲಮ್ಮ ಅನ್ನ ಕೊಡುವ ಬೆಂಕಿಗೂ ಹಾಗೇ ಅನ್ನುತ್ತಿದ್ದಳು. ಎಲ್ಲೋ ಒಂದು ಕಿಡಿ ಬಿದ್ದು ಹೊಟ್ಟು ಹೊಗೆಯಾಡಿದರೆ ಕೊಡ ನೀರು ಹೊಯ್ದು, ದೊಡ್ಡದು ಮಾಡಿದೆ ಅನ್ನುವಳು. ನನ್ನ ಅವ್ವನೂ ಅಡಿಗೆ ಮುಗಿದ ಮೇಲೆ ಕೊಳ್ಳಿಗೆ ನೀರು ಚಿಮುಕಿಸಿ, ಬೆಂಕಿ ದೊಡ್ಡದು ಮಾಡೀನಿ ಅನ್ನುತ್ತಿದ್ದಳು. ಅಂದರೆ ಆ ಮಾತು ನನಗೆ ಗೊತ್ತಿತ್ತು. ಇದನ್ನು ಓದುವವರು ಇಲ್ಲೇ ನೆನಪಿಟ್ಟುಕೊಳ್ಳಿ, ನನಗೆ ಗೊತ್ತಿತ್ತು.

ಅದೊಂದು ಬೇಸಿಗೆ. ಅಂಗಳದಲ್ಲಿ ಮೂರು ಬಣವೆ. ಮೂರನೆಯದು ಅಕಾಲದ ಮಳೆಗೆ ನೆನೆದು ಮೇಲಷ್ಟೇ ಒಣಗಿದ್ದ ಬೆಂಡಿನದು. ಬೆಳಿಗ್ಗೆ ಮೈಲಮ್ಮ ಬಂದು, ಮೂರನೆಯದು ಒಳಗೆ ಕಾದಿದೆ, ಇವತ್ತೇ ಅದನ್ನು ಬಿಚ್ಚಿ ಬೆಲ್ಟಿಗೆ ಹಾಕಿರಿ ಅಂದಳು. ಆಯ್ತು ಅಂದೆ. ಅವಳು ಅತ್ತ ಹೋದ ಮೇಲೆ ಬಣವೆ ಬಾಚಿ ಎತ್ತುವ ಲೋಡರ್‌ನವನಿಗೆ ಎರಡನೆಯ ಬಣವೆ ತೋರಿಸಿದೆ. ಬೇರೆ ಕಾರಣ ಏನೂ ಇರಲಿಲ್ಲ. ಅವಳು ಮೂರು ಅಂದಳು, ಅದಕ್ಕೇ ನಾನು ಎರಡು ಅಂದೆ.

ಮರುದಿನ ಹತ್ತು ಗಂಟೆಯ ಹೊತ್ತಿಗೆ ಮೂರನೆಯ ಬಣವೆಯ ಬುಡದಲ್ಲಿ ಕಿಡಿ ಕಂಡಿತು. ಮೈಲಮ್ಮ ಮತ್ತು ಇನ್ನಿಬ್ಬರು ಹೆಂಗಸರು ನೀರು ಹೊಯ್ದು ಆರಿಸಿದರು. ಮೇಲಿನದು ಆರಿತು, ಒಳಗಿನ ಕಾವು ಹಾಗೇ ಇತ್ತು. ಬಣವೆ ಬಿಚ್ಚಿ ಹರವಿಬಿಟ್ಟರೆ ಮುಗಿಯುವ ಕೆಲಸ. ಸಾಹೇಬರು ಅವತ್ತು ಹೊಸಪೇಟೆಗೆ ಹೋಗಿದ್ದರು. ಹಿಂದಿನ ದಿನ ನನಗೆ ಹೇಳಿದ್ದು ಆಗಿರಲಿಲ್ಲವಲ್ಲ, ಮೈಲಮ್ಮ ಈ ಸಲ ಅವರಿಗೇ ಫೋನು ಮಾಡಿದಳು. ಮೂರನೇ ಬಣವೆಗೆ ಬೆಂಕಿ ಬಿದ್ದಿತ್ತು, ದೊಡ್ಡದು ಮಾಡೀನಿ, ಲೋಡರ್ ಕಳಿಸಿರಿ ಅಂದಳಂತೆ. ದೊಡ್ಡದು ಅನ್ನುವ ಮಾತು ಕಿವಿಗೆ ಬಿದ್ದದ್ದೇ ಸಾಹೇಬರು ಮುಂದಿನದನ್ನು ಕೇಳಿಸಿಕೊಂಡಿಲ್ಲ.

ತಕ್ಷಣ ನನಗೆ ಫೋನು ಬಂತು. ಬೆಂಕಿ ದೊಡ್ಡದಾಗಿದೆಯಂತೆ, ಬೆಲ್ಟ್ ನಿಲ್ಲಿಸಿ, ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಬಾರದು, ಎಲ್ಲರನ್ನೂ ಗೇಟಿನ ಹೊರಗೆ ಕಳಿಸಿ, ನಾನು ಅಗ್ನಿಶಾಮಕದವರಿಗೆ ಹೇಳಿದ್ದೇನೆ ಅಂದರು. ನಾನು ಬಾಯ್ಲರ್ ಮಹಡಿಯ ಕಿಟಕಿಯಿಂದ ನೋಡಿದೆ. ಉರಿ ಇರಲಿಲ್ಲ. ಬಣವೆಯ ಬುಡದಲ್ಲಿ ಒಂದೆಳೆ ಹಬೆ, ಪಕ್ಕದಲ್ಲಿ ಖಾಲಿ ಕೊಡ ಹಿಡಿದು ನಿಂತ ಮೈಲಮ್ಮ. ಏನಾಗಿದೆ ಅಂತ ಆ ಗಳಿಗೆಯಲ್ಲೇ ನನಗೆ ತಿಳಿಯಿತು. ಸಾಹೇಬ್ರ, ಆಕಿ ಆರಿಸೀನಿ ಅಂದಾಳ ಅನ್ನುವ ಒಂದು ಮಾತು ಸಾಕಿತ್ತು. ಒಂದು ಸಲವಾದರೂ ಇವಳು ತಪ್ಪಾಗಲಿ ಅಂತ ಒಳಗಿನಿಂದ ಏನೋ ಎದ್ದಿತು. ಆಯ್ತು ಸಾರ್ ಅಂದೆ.

ಗೇಟಿನ ಹೊರಗೆ ಎಲ್ಲರೂ ನಿಂತೆವು. ಮೈಲಮ್ಮ ನನ್ನ ಮುಂದೆ ಬಂದು ಕೈ ಮುಗಿದಳು.

"ಕೊಟ್ರೇಶಣ್ಣಾ, ಬೆಂಕಿ ಇಲ್ಲಣ್ಣ. ಒಳಗ ಕಾವು ಅಷ್ಟ ಐತಿ. ಲೋಡರ್ ಬಿಡ್ರಿ, ಅರ್ಧ ತಾಸಿನ್ಯಾಗ ಹರವಿ ಬಿಡ್ತೀವಿ."

ಸಾಹೇಬರ ಆರ್ಡರು, ನಾನೇನು ಮಾಡಲಿ ಅಂದೆ. ಸುಳ್ಳೇನೂ ಅಲ್ಲ. ಒಂದು ತಾಸು ಕಳೆಯಿತು. ಬಿಸಿಲೇರಿ ಗಾಳಿ ಎದ್ದಿತು, ಬಣವೆಯ ನೆತ್ತಿ ಒಮ್ಮೆಲೇ ಒಡೆದು ಉರಿ ಹೊರಗೆ ಬಂತು. ಅಗ್ನಿಶಾಮಕದ ಗಾಡಿ ಬರುವಷ್ಟರಲ್ಲಿ ಅರ್ಧ ಬಣವೆ ಹೋಗಿತ್ತು. ಸಂಜೆಯ ಹೊತ್ತಿಗೆ ಬಣವೆಯೂ ಇಲ್ಲ, ಬೆಲ್ಟಿನ ಕೊನೆಯ ತುಂಡೂ ಇಲ್ಲ. ಯಾರಿಗೂ ಗಾಯವಾಗಲಿಲ್ಲ, ಅದೊಂದು ಪುಣ್ಯ.

ಎರಡು ದಿನ ಬಿಟ್ಟು ಸಾಹೇಬರ ಕೋಣೆಯಲ್ಲಿ ವಿಚಾರಣೆ. ಸಾಹೇಬರು, ಬರೆದುಕೊಳ್ಳಲು ಆಂಧ್ರದ ಕಡೆಯ ಗುಮಾಸ್ತ, ನಾನು, ಮೈಲಮ್ಮ. ಕುರ್ಚಿ ಕೊಟ್ಟರೂ ಅವಳು ಕೂರಲಿಲ್ಲ. ಬೆಂಕಿ ದೊಡ್ಡದು ಮಾಡಿದೆ ಅಂತ ನೀವೇ ನನಗೆ ಹೇಳಿದಿರಲ್ಲ ಅಂತ ಸಾಹೇಬರು ಕೇಳಿದರು. ಅವಳು ಬಿಡಿಸಿ ಬಿಡಿಸಿ ಹೇಳಿದಳು. ನಮ್ಮಲ್ಲಿ ಆರಿಸುವುದಕ್ಕೇ ಹಾಗನ್ನುತ್ತಾರೆ, ಉಣ್ಣುವ ಅನ್ನ ಕೊಡುವ ಬೆಂಕಿಯನ್ನು ಆರಿಸಿದೆ ಅನ್ನಲು ಬಾಯಿ ಬರುವುದಿಲ್ಲ ಅಂದಳು. ಹಿಂದಿನ ದಿನವೇ ಆ ಬಣವೆ ಬಿಚ್ಚಲು ನನಗೆ ಹೇಳಿದ್ದನ್ನು ಎತ್ತಲಿಲ್ಲ. ಸಾಹೇಬರ ಮುಖದಲ್ಲಿ ಅವಳನ್ನು ನಂಬುವ ಆಸೆ ಕಾಣುತ್ತಿತ್ತು. ನನ್ನ ಕಡೆ ತಿರುಗಿದರು.

"ಕೊಟ್ರೇಶ್, ನೀವು ಇಲ್ಲಿಯವರೇ. ಈ ಮಾತಿಗೆ ಹಾಗೆ ಅರ್ಥ ಇದೆಯಾ?"

ಇದೆ ಅಂದರೆ ಮುಂದಿನ ಪ್ರಶ್ನೆ ನನಗೇ. ಹಾಗಾದರೆ ಫೋನಿನಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರೆ. ಅದು ಹೆದರಿಕೆ. ಅದಕ್ಕಿಂತ ಕೆಳಗೆ ಇನ್ನೊಂದಿತ್ತು. ಅವಳು ಹೇಳಿದ್ದು ಸರಿಯೋ ತಪ್ಪೋ ಅಂತ ತೀರ್ಮಾನಿಸುವ ಕೊನೆಯ ಮಾತು ಅವತ್ತು ನನ್ನದಾಗಿತ್ತು. ಎಷ್ಟು ವರ್ಷದ ಆಸೆ ಅದು.

"ದೀಪಕ್ಕ ಅಂತಾರ್ರಿ" ಅಂದೆ. "ಬೆಂಕಿಗೆ ಅನ್ನೂದು ನಾ ಕೇಳಿಲ್ಲ."

ಗುಮಾಸ್ತ ಬರೆದುಕೊಂಡ. ಮೈಲಮ್ಮ ನನ್ನ ಮುಖವನ್ನೇ ನೋಡಿದಳು. ಸಿಟ್ಟಿನಿಂದ ಅಲ್ಲ, ಏನೋ ಲೆಕ್ಕ ತಪ್ಪಿದವರು ನೋಡುವ ಹಾಗೆ. ನಾಳೆಯಿಂದ ಬರಬೇಡ ಅಂತ ಗುತ್ತಿಗೆದಾರ ಗೇಟಿನಲ್ಲೇ ಹೇಳಿ ಕಳಿಸಿದ. ಸಾಹೇಬರು ಎಷ್ಟೋ ದಿನ ಮಂಕಾಗಿದ್ದರು. ವರ್ಷದೊಳಗೆ ಅವರಿಗೂ ಬೇರೆ ಕಡೆ ವರ್ಗವಾಯಿತು.

ಆಮೇಲೆ ಅಂಗಳಕ್ಕೆ ಹೊಸ ಪದ್ಧತಿ ಬಂತು. ಬಣವೆಯೊಳಗೆ ಶಾಖ ಅಳೆಯುವ ತಂತಿಗಳನ್ನು ಇಟ್ಟು, ಅದರ ಅಂಕಿ ಕಂಟ್ರೋಲ್ ರೂಮಿನ ಪರದೆಯ ಮೇಲೆ ಬರುವ ಹಾಗೆ ಮಾಡಿದರು. ಇಲಿ ಕಡಿದ ದಿನ ಬಿಟ್ಟರೆ ಚೆನ್ನಾಗಿಯೇ ನಡೆಯುತ್ತದೆ, ನೀವು ಅದನ್ನು ನಂಬಿರಿ. ಬಣವೆಯ ಎತ್ತರ ಕಡಿಮೆ ಮಾಡಿದರು, ನಡುವೆ ಗಾಳಿಗೆ ದಾರಿ ಬಿಟ್ಟರು, ಮೊದಲು ಬಂದದ್ದು ಮೊದಲು ಒಲೆಗೆ ಅಂತ ಬೋರ್ಡು ಬರೆಸಿದರು. ಒಂದೊಂದೂ ಮೈಲಮ್ಮ ಬಾಯಲ್ಲಿ ಹೇಳುತ್ತಿದ್ದದ್ದೇ. ಕೊನೆಯ ಮಾತು ನನ್ನದಾಯಿತೇ ಅಂದರೆ ಇಲ್ಲ, ಅದು ಪರದೆಯ ಪಾಲಾಯಿತು. ಪರದೆಯ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು. ಈಗ ರಸ್ತೆಯ ಆಚೆ ಸೋಲಾರ್ ಹಾಕಿದ್ದಾರೆ, ಹೊಗೆ ಇಲ್ಲ, ಬೂದಿ ಇಲ್ಲ, ಮೂಗಿಗೆ ಕರವಸ್ತ್ರ ಇಲ್ಲ. ಅವರನ್ನು ಕಂಡರೂ ನನಗೆ ಕಿಚ್ಚೇ. ಹೊತ್ತು ಮುಳುಗಿದ ಮೇಲೆ ನಮ್ಮ ಒಲೆಯೇ ಬೇಕು ಅಂತ ಒಬ್ಬನೇ ಹೇಳಿಕೊಂಡು ಮನಸ್ಸು ತಣ್ಣಗೆ ಮಾಡಿಕೊಳ್ಳುತ್ತೇನೆ.

ಕಳೆದ ಚಳಿಗಾಲದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬಳು ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಬಣವೆ ಕಾದರೆ ಮೊದಲು ಏನು ಮಾಡಬೇಕು ಸರ್ ಅಂತ ಕೇಳಿದಳು. ಹೇಳಲು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದೆ. ಮೂರನೆಯ ಬಣವೆಯ ಕಥೆ ಹೇಳದೆ ಆ ಪ್ರಶ್ನೆಗೆ ಉತ್ತರವಿಲ್ಲ, ಆ ಕಥೆ ಹೇಳಲು ನನಗೆ ಬಾಯಿಲ್ಲ. ಮರುದಿನ ತಂಬ್ರಹಳ್ಳಿಯ ಬಸ್ಸು ಹತ್ತಿದೆ.

ಮೈಲಮ್ಮ ಅಂಗಳದಲ್ಲಿ ಸೊಸೆಯ ಜೊತೆ ಶೇಂಗಾ ಸುಲಿಯುತ್ತ ಕೂತಿದ್ದಳು. ನನ್ನನ್ನು ಕಂಡವಳೇ ಎದ್ದು ನೀರು ಕೊಟ್ಟಳು. ಚಾಪೆ ಹಾಕಿಸಿ, ಇವರು ಕೊಟ್ರೇಶಣ್ಣ, ದೊಡ್ಡ ಒಲೆ ನೋಡಿಕೊಳ್ಳುತ್ತಿದ್ದರು, ಇದ್ದದ್ದು ಇದ್ದ ಹಾಗೆ ಹೇಳುವ ಮನುಷ್ಯ ಅಂತ ಸೊಸೆಗೆ ಪರಿಚಯ ಮಾಡಿದಳು. ನಾನು ನೀರಿನ ಚೊಂಬನ್ನು ಕೆಳಗಿಟ್ಟೆ.

"ಮೈಲವ್ವ, ಅವತ್ತು ನಾ ಸುಳ್ಳು ಹೇಳಿದ್ನಿ" ಅಂದೆ. "ಬೆಂಕಿಗೂ ಹಂಗ ಅಂತಾರ ಅಂತ ನಂಗ ಗೊತ್ತಿತ್ತು. ನಮ್ಮವ್ವನೂ ಹಂಗ ಅಂತಿದ್ಲು."

ಅವಳ ಕೈ ಶೇಂಗಾದ ಮೇಲೆ ನಿಂತಿತು. ಯಾಕ್ರಿ ಅಂತ ಕೇಳಿದಳು. ಹೊಟ್ಟೆಕಿಚ್ಚು ಅಂದೆ. ನಿನ್ನನ್ನು ಸಾಹೇಬರು ಮೈಲಮ್ಮನವರೇ ಅನ್ನುತ್ತಿದ್ದರು, ನನ್ನನ್ನು ಬರೀ ಕೊಟ್ರೇಶ್ ಅನ್ನುತ್ತಿದ್ದರು ಅಂದೆ. ಬಾಯಿಂದ ಹೊರಗೆ ಬಂದಾಗ ಅದು ಎಷ್ಟು ಸಣ್ಣದು ಅಂತ ನನಗೇ ಕಂಡಿತು. ಸೊಸೆ ಎದ್ದು ಒಳಗೆ ಹೋದಳು.

ಮೈಲಮ್ಮ ಸುಲಿದ ಕಾಳನ್ನು ಮೊರಕ್ಕೆ ಸುರಿದಳು. ಆಮೇಲೆ ನನ್ನನ್ನು ನೋಡದೆ ಹೇಳಿದಳು.

"ನೀವು ಅಂದ ಮ್ಯಾಲ ನಾನ ತಪ್ಪು ಅಂತ ತಿಳ್ಕೊಂಡೆ. ದೀಪಕ್ಕಷ್ಟ ಅನಬೇಕಂತ, ನಾ ಬೆಂಕಿಗೂ ಅಂದು ಬಣವಿ ಸುಟ್ಟೆ ಅಂತ. ಅವತ್ತಿಂದ ದೀಪಕ್ಕೂ ಆ ಮಾತು ಆಡಿಲ್ಲ. ಸೊಸಿ ಹೊಸದಾಗಿ ಬಂದಾಗ, ಅತ್ತಿ, ದೀಪ ದೊಡ್ಡದು ಮಾಡ್ಲೇನು ಅಂದ್ಲು. ಹಂಗ ಅನಬ್ಯಾಡ, ಆರಿಸ್ತೀನಿ ಅನ್ನು ಅಂತ ಬೈದೆ. ಬೆಂಕಿ ನಾನ ಹಚ್ಚಿದ್ನಿ ಅಂತ ಇಷ್ಟು ವರ್ಷ ತಿಳ್ಕೊಂಡೀನಲ್ರಿ ಅಣ್ಣಾ."

ಅವಳ ಕೆಲಸ ಹೋಯಿತು ಅಂತ ನನಗೆ ಗೊತ್ತಿತ್ತು. ಅವಳು ಆಡುವ ಮಾತನ್ನೇ ನಾನು ಅವಳ ಬಾಯಿಂದ ಕಿತ್ತುಕೊಂಡಿದ್ದೇನೆ ಅಂತ ಗೊತ್ತಿರಲಿಲ್ಲ. ತಪ್ಪಾಯಿತು ಅಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಸಾಹೇಬರ ನಂಬರು ಇದೆಯಾ ಅಂತ ಕೇಳಿದಳು. ಇದೆ ಅಂದೆ. ಫೋನು ಹಚ್ಚಿರಿ, ನನ್ನ ಮುಂದೆಯೇ ಅವರಿಗೆ ಹೇಳಿರಿ ಅಂದಳು.

ನಂಬರು ಒತ್ತಿದೆ. ಅವಳಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದೆ. ಸಾಹೇಬರೇ ಎತ್ತಿದರು, ಅದೇ ಪುಸ್ತಕದ ಕನ್ನಡ. ನಾನು ಕೊಟ್ಟೂರಿನ ಕೊಟ್ರೇಶ ಅಂದೆ. ಯಾವ ಕೊಟ್ರೇಶ್ ಅಂದರು. ಕೊಟ್ಟೂರಿನಲ್ಲಿ ಕೊಟ್ರೇಶರಿಗೇನು ಕಡಿಮೆ. ಬಾಯ್ಲರ್ ಅಂದೆ, ಶಿಫ್ಟ್ ಇನ್‌ಚಾರ್ಜ್ ಅಂದೆ, ಅವರ ಕೈಕೆಳಗೆ ನಾಲ್ಕು ವರ್ಷ ಇದ್ದೆ ಅಂದೆ. ಕ್ಷಮಿಸಿ, ಅಲ್ಲಿ ತುಂಬಾ ಜನ ಇದ್ದರು, ಮುಖ ನೆನಪಾಗುತ್ತಿಲ್ಲ ಅಂದರು. ಬೇರೆ ದಾರಿ ಕಾಣದೆ, ಮೈಲಮ್ಮ ಇಲ್ಲೇ ಕೂತಾಳ್ರಿ ಅಂದೆ.

"ಮೈಲಮ್ಮನವರಾ? ಬಣವೆಗೆ ಕೈ ಹಾಕಿ ಬಿಸಿ ಹೇಳುತ್ತಿದ್ದರಲ್ಲ, ಅವರಾ? ಹೇಗಿದ್ದಾರೆ? ಕೊಡಿ, ಅವರಿಗೆ ಫೋನು ಕೊಡಿ."

ಸುಳ್ಳಾಡುವುದಿಲ್ಲ, ಆ ಗಳಿಗೆಯಲ್ಲೂ ನನಗೆ ಕಿಚ್ಚು ಹತ್ತಿತು. ಫೋನನ್ನು ಅವಳ ಕಡೆ ಚಾಚಿದೆ. ಅವಳು ಮುಟ್ಟಲಿಲ್ಲ, ಮೊದಲು ನೀವು ಹೇಳಿರಿ ಅಂತ ಕಣ್ಣಲ್ಲೇ ಅಂದಳು. ಆ ಕಡೆಯಿಂದ ಸಾಹೇಬರು, ತಾವು ಯಾರು ಅಂತ ನನಗೆ ಇನ್ನೂ ಗೊತ್ತಾಗಲಿಲ್ಲ ಅನ್ನುತ್ತಿದ್ದ ಹಾಗೆ ನಾನು ಬಾಯಿ ತೆರೆದೆ.

"ಆಕೀ ಮಾತಿಗೆ ಆ ಅರ್ಥ ಐತೇನು ಅಂತ ನೀವು ಒಬ್ಬನ್ನ ಕೇಳಿದ್ರಲ್ರಿ ಸಾಹೇಬ್ರ, ಅವ ಇಲ್ಲ ಅಂತ ಸುಳ್ಳು ಹೇಳಿದ್ನಲ್ಲ. ಅವನ ನಾನು."